ಬಿ. ಜಿ. ಎಲ್. ಸ್ವಾಮಿ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ (5 ಫೆಬ್ರವರಿ 1918 – 2 ನವೆಂಬರ್ 1980) ಸಸ್ಯವಿಜ್ಞಾನಿ, ಪ್ರಾಧ್ಯಾಪಕ ಹಾಗೂ ಕನ್ನಡ ಲೇಖಕರು. ಬಿ. ಜಿ. ಎಲ್. ಸ್ವಾಮಿ ಎಂಬ ಹೆಸರಿನಿಂದಲೇ ಪ್ರಸಿದ್ಧರಾದ ಇವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ಹೂವು ಹೇಗೆ ಬೀಜವಾಗುತ್ತದೆ, ಬೀಜದೊಳಗಿನ ಭ್ರೂಣ ಹೇಗೆ ಬೆಳೆಯುತ್ತದೆ, ಭೂಮಿಯ ಮೇಲಿನ ಮೊದಲ ಹೂಗಳು ಹೇಗಿದ್ದಿರಬಹುದು ಎಂಬ ಪ್ರಶ್ನೆಗಳು ಅವರ ಸಂಶೋಧನೆಯ ಕೇಂದ್ರವಾಗಿದ್ದವು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಸಸ್ಯಗಳ ಬೆಳವಣಿಗೆ ಮತ್ತು ಸಂತಾನೋತ್ಪತ್ತಿಯ ಮೂಲಪಾಠವನ್ನು ಕಲಿಯುವ ವಿದ್ಯಾರ್ಥಿಗೆ ಸ್ವಾಮಿಯವರ ಜೀವನ ಎರಡು ಕಾರಣಗಳಿಗಾಗಿ ಮುಖ್ಯ. ಪಠ್ಯಪುಸ್ತಕದಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಯುವ ವಿಷಯಗಳನ್ನು ಅವರು ಸೂಕ್ಷ್ಮದರ್ಶಕದ ಕೆಳಗೆ ಸ್ವತಃ ಕಂಡು ದಾಖಲಿಸಿದವರು. ಅಲ್ಲದೆ, ಆ ಜ್ಞಾನವನ್ನು ನಿಖರತೆ ಕೆಡದಂತೆ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದವರು. ಈ ಲೇಖನದಲ್ಲಿ ಅವರ ಸಂಶೋಧನೆಯನ್ನು ವಿವರಿಸಲು ಬೇಕಾದ ಉದಾಹರಣೆಗಳನ್ನು ಬಹುಮಟ್ಟಿಗೆ ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಹೊಲಗಳಿಂದಲೂ ಕಾಡುಗಳಿಂದಲೂ ಆರಿಸಿಕೊಳ್ಳಲಾಗಿದೆ.

ಮನೆತನ ಮತ್ತು ವಿದ್ಯಾಭ್ಯಾಸ

ಸ್ವಾಮಿಯವರ ತಂದೆ ಕನ್ನಡದ ಹಿರಿಯ ಲೇಖಕರೂ ಪತ್ರಕರ್ತರೂ ಆಗಿದ್ದ ಡಿ. ವಿ. ಗುಂಡಪ್ಪನವರು (1887–1975). ‘ಮಂಕುತಿಮ್ಮನ ಕಗ್ಗ’ದ ಮೂಲಕ ಮನೆಮಾತಾದ ಡಿ. ವಿ. ಜಿ. ಅವರು ಕೋಲಾರ ಜಿಲ್ಲೆಯ ಮುಳಬಾಗಿಲಿನವರು. ತಾಯಿ ಭಾಗೀರಥಮ್ಮ. ಸ್ವಾಮಿಯವರು ಚಿಕ್ಕವರಾಗಿದ್ದಾಗಲೇ ತಾಯಿ ತೀರಿಕೊಂಡರು. ವಿದ್ವಾಂಸರೂ ಸಂಗೀತಗಾರರೂ ಬಂದುಹೋಗುತ್ತಿದ್ದ ಬೆಂಗಳೂರಿನ ಆ ಮನೆಯಲ್ಲಿ ಬೆಳೆದ ಹುಡುಗನಿಗೆ ಕನ್ನಡ ಮತ್ತು ಸಂಸ್ಕೃತ ಸಾಹಿತ್ಯಗಳ ಪರಿಚಯ ಸಹಜವಾಗಿಯೇ ಆಯಿತು. ಆದರೆ ಅವರು ಆರಿಸಿಕೊಂಡದ್ದು ಸಸ್ಯಶಾಸ್ತ್ರವನ್ನು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರ ವ್ಯಾಸಂಗ ನಡೆಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿಯನ್ನು ಪಡೆದರು. 1940ರ ದಶಕದ ಆರಂಭದಿಂದಲೇ ಆರ್ಕಿಡ್ ಸಸ್ಯಗಳ ಭ್ರೂಣ ಬೆಳವಣಿಗೆಯನ್ನು ಕುರಿತ ಅವರ ಪ್ರಬಂಧಗಳು ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗತೊಡಗಿದವು.

ಅವರು ಆರಿಸಿಕೊಂಡ ವಿಷಯ

ಸ್ವಾಮಿಯವರ ಕ್ಷೇತ್ರಕ್ಕೆ ಸಸ್ಯ ಭ್ರೂಣಶಾಸ್ತ್ರ ಎಂದು ಹೆಸರು. ಅವರು ಮಾಡಿದ ಕೆಲಸದ ಬೆಲೆ ತಿಳಿಯಬೇಕಾದರೆ ಹೂವಿನೊಳಗೆ ನಡೆಯುವ ವ್ಯಾಪಾರವನ್ನು ಮೊದಲು ತಿಳಿಯಬೇಕು.

ಹೂವಿನ ಕೇಸರಗಳಲ್ಲಿ ಪರಾಗ ಹುಟ್ಟುತ್ತದೆ. ನಡುವಿನ ಅಂಡಾಶಯದಲ್ಲಿ ಅಂಡಕಗಳಿರುತ್ತವೆ. ಗಾಳಿ, ಜೇನುನೊಣ, ಚಿಟ್ಟೆ, ದುಂಬಿ ಇವುಗಳಲ್ಲಿ ಯಾವುದಾದರೊಂದರ ಮೂಲಕ ಪರಾಗವು ಹೂವಿನ ಶಲಾಕಾಗ್ರವನ್ನು ಸೇರುವುದೇ ಪರಾಗಸ್ಪರ್ಶ. ಅಲ್ಲಿ ಪರಾಗದ ಕಣವು ಮೊಳೆತು ಸೂಕ್ಷ್ಮವಾದ ಕೊಳವೆಯನ್ನು ಕೆಳಗೆ ಇಳಿಬಿಡುತ್ತದೆ. ಕೊಳವೆಯ ಮೂಲಕ ಎರಡು ಗಂಡು ಕೋಶಗಳು ಅಂಡಕದೊಳಗಿನ ಭ್ರೂಣಚೀಲವನ್ನು ತಲುಪುತ್ತವೆ. ಒಂದು ಗಂಡು ಕೋಶವು ಅಂಡದೊಡನೆ ಸೇರಿ ಭ್ರೂಣಕ್ಕೆ ಮೂಲವಾಗುತ್ತದೆ. ಇನ್ನೊಂದು, ಭ್ರೂಣಚೀಲದ ನಡುವಣ ಕೋಶದೊಡನೆ ಸೇರಿ ಭ್ರೂಣಾಹಾರಕ್ಕೆ, ಅಂದರೆ ಎಂಡೋಸ್ಪರ್ಮ್‌ಗೆ ಮೂಲವಾಗುತ್ತದೆ. ಹೂಬಿಡುವ ಸಸ್ಯಗಳ ವಿಶೇಷ ಲಕ್ಷಣವಾದ ಈ ಇಮ್ಮಡಿ ನಿಷೇಚನವನ್ನು ರಷ್ಯಾದ ಸೆರ್ಗೆಯ್ ನವಾಶಿನ್ ಅವರು 1898ರಲ್ಲಿ ಮೊದಲು ಗುರುತಿಸಿದರು.

ನಿಷೇಚನದ ಬಳಿಕ ಅಂಡಕ ಬೀಜವಾಗುತ್ತದೆ, ಅಂಡಾಶಯ ಕಾಯಿಯಾಗುತ್ತದೆ. ಚಾಮರಾಜನಗರ ಸೀಮೆಯ ರಾಗಿಯ ಕಾಳಿನಲ್ಲಿ ಹಿಟ್ಟಾಗಿ ನಮಗೆ ದಕ್ಕುವುದು ಬಹುಪಾಲು ಈ ಭ್ರೂಣಾಹಾರವೇ. ಅವರೆಯ ಕಾಳಿನಲ್ಲಾದರೋ ಬೀಜ ಬಲಿಯುವಷ್ಟರಲ್ಲಿ ಭ್ರೂಣವು ತನ್ನ ಆಹಾರವನ್ನೆಲ್ಲ ಹೀರಿಕೊಂಡು ಎರಡು ದಪ್ಪ ಬೀಜದಳಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ. ಸುಲಿದ ಅವರೆಬೇಳೆ ಎರಡು ಹೋಳಾಗುವುದು ಅದಕ್ಕೇ. ರಾಗಿ ಏಕದಳ ಸಸ್ಯ, ಅವರೆ ದ್ವಿದಳ ಸಸ್ಯ. ಮೊಳಕೆಯೊಡೆದ ಮೇಲೆ ಗಿಡದ ತುದಿಯಲ್ಲೂ ಬೇರಿನ ತುದಿಯಲ್ಲೂ ಸದಾ ವಿಭಜಿಸುತ್ತಿರುವ ಎಳೆಯ ಕೋಶಗಳ ಸಮೂಹದಿಂದ ಮುಂದಿನ ಬೆಳವಣಿಗೆ ಸಾಗುತ್ತದೆ.

ಇವೆಲ್ಲ ಬರಿಗಣ್ಣಿಗೆ ಕಾಣುವಂಥವಲ್ಲ. ಮೊಗ್ಗು, ಹೂವು, ಎಳೆಗಾಯಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಕೊಯ್ದು, ಕೆಡದಂತೆ ದ್ರಾವಣದಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿ ಸೀಳಿ, ಬಣ್ಣ ಕಟ್ಟಿ, ಒಂದೊಂದು ಸೀಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸಬೇಕು. ನಡುವೆ ಒಂದು ಹಂತ ತಪ್ಪಿದರೂ ಕಥೆ ಅಪೂರ್ಣ. ಸ್ವಾಮಿಯವರ ಖ್ಯಾತಿ ನಿಂತಿರುವುದು ಈ ತಾಳ್ಮೆಯ ಕೆಲಸದ ಮೇಲೆ.

ಆರ್ಕಿಡ್‌ಗಳ ಅಧ್ಯಯನ

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಮರದ ಕೊಂಬೆಗಳ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನು ಕಾಣಬಹುದು. ಕನ್ನಡದಲ್ಲಿ ಸೀತಾಳೆ ದಂಡೆ ಎಂದು ಪ್ರಸಿದ್ಧವಾದ ಹೂಗೊಂಚಲು ಈ ಕುಟುಂಬದ್ದೇ. ಇವು ಆಶ್ರಯಕ್ಕಾಗಿ ಮಾತ್ರ ಮರವನ್ನು ಅವಲಂಬಿಸುತ್ತವೆ, ಬದನಿಕೆಯಂತೆ ಮರದ ರಸವನ್ನು ಹೀರುವುದಿಲ್ಲ.

ಆರ್ಕಿಡ್‌ಗಳ ಸಂತಾನೋತ್ಪತ್ತಿ ಸಾಮಾನ್ಯ ಕ್ರಮಕ್ಕಿಂತ ಹಲವು ರೀತಿಗಳಲ್ಲಿ ಭಿನ್ನ. ಅವುಗಳ ಪರಾಗ ಪುಡಿಯಾಗಿ ಉದುರದೆ ಉಂಡೆಯಾಗಿ ಕೀಟದ ಮೈಗೆ ಅಂಟಿಕೊಳ್ಳುತ್ತದೆ. ಹೂವು ಅರಳಿದಾಗ ಅಂಡಕಗಳು ಪೂರ್ತಿ ರೂಪುಗೊಂಡಿರುವುದೇ ಇಲ್ಲ. ಪರಾಗಸ್ಪರ್ಶವಾದ ಮೇಲೆಯೇ ಅವು ಬೆಳೆಯತೊಡಗುತ್ತವೆ. ಆದ್ದರಿಂದ ಪರಾಗಸ್ಪರ್ಶಕ್ಕೂ ನಿಷೇಚನಕ್ಕೂ ನಡುವೆ ವಾರಗಳೇ, ಕೆಲವು ಜಾತಿಗಳಲ್ಲಿ ತಿಂಗಳುಗಳೇ ಉರುಳುತ್ತವೆ. ಬೀಜಗಳು ಧೂಳಿನಂತೆ ಸಣ್ಣವು. ಅವುಗಳಲ್ಲಿ ಭ್ರೂಣಾಹಾರ ಇರುವುದಿಲ್ಲ. ಮೊಳೆಯುವಾಗ ಆಹಾರಕ್ಕಾಗಿ ಶಿಲೀಂಧ್ರದ ನೆರವು ಬೇಕು.

ಸ್ವಾಮಿಯವರು ಸಿಂಬಿಡಿಯಂ, ಹ್ಯಾಬನೇರಿಯ ಮುಂತಾದ ಆರ್ಕಿಡ್‌ಗಳ ಭ್ರೂಣ ಬೆಳವಣಿಗೆಯನ್ನು ಹಂತ ಹಂತವಾಗಿ ಪರಿಶೀಲಿಸಿದರು. 1947ರಲ್ಲಿ ವೆನಿಲಾ ಬಳ್ಳಿಯ ಜೀವನಚಕ್ರವನ್ನು ಪ್ರಕಟಿಸಿದರು. 1948ರಲ್ಲಿ ಆರ್ಕಿಡ್ ಹೂವಿನ ನಾಳಗಳ ರಚನೆಯನ್ನೂ 1949ರಲ್ಲಿ ಇಡೀ ಕುಟುಂಬದ ಭ್ರೂಣಶಾಸ್ತ್ರವನ್ನೂ ಕುರಿತ ವಿಸ್ತಾರವಾದ ಪ್ರಬಂಧಗಳು ಹೊರಬಂದವು. ಭ್ರೂಣಾಹಾರವೇ ಇಲ್ಲದಾಗ ಎಳೆಯ ಭ್ರೂಣಕ್ಕೆ ಪೋಷಣೆ ಬರುವುದೆಲ್ಲಿಂದ ಎಂಬುದು ಇಲ್ಲಿಯ ಸ್ವಾರಸ್ಯಕರ ಪ್ರಶ್ನೆ. ಅನೇಕ ಆರ್ಕಿಡ್‌ಗಳಲ್ಲಿ ಭ್ರೂಣದ ಬುಡದ ಕೋಶಗಳು ಉದ್ದವಾಗಿ ಚಾಚಿ, ಅಂಡಕದಿಂದ ಹೊರಬಂದು, ತಾಯಿಗಿಡದ ಊತಕದಿಂದಲೇ ಆಹಾರವನ್ನು ಹೀರುತ್ತವೆ. ಈ ತಂತುಗಳ ಬಗೆಬಗೆಯ ರೂಪಗಳನ್ನು ಹೋಲಿಸಿ ಸ್ವಾಮಿಯವರು ಆರ್ಕಿಡ್ ಭ್ರೂಣಗಳನ್ನು ವಿಂಗಡಿಸಿದರು. ಈ ಕುಟುಂಬವನ್ನು ಅಭ್ಯಾಸ ಮಾಡುವವರು ಇಂದಿಗೂ ಆ ಪ್ರಬಂಧಗಳತ್ತ ಮರಳುತ್ತಾರೆ.

ಸರ್ವೆ ಮರದ ಸಮಸ್ಯೆ

ಬಯಲುಸೀಮೆಯ ತೋಟಗಳ ಅಂಚಿನಲ್ಲಿ ನೆಡುವ ಸರ್ವೆ ಮರವನ್ನು ಕಂಡವರು ಅದನ್ನು ಪೈನ್ ಜಾತಿಯೆಂದು ಭಾವಿಸುವುದುಂಟು. ಸೂಜಿಯಂಥ ಹಸುರು ಕಡ್ಡಿಗಳೂ ಶಂಕುವಿನಂಥ ಕಾಯಿಯೂ ಆ ಭ್ರಮೆಗೆ ಕಾರಣ. ವಾಸ್ತವವಾಗಿ ಅದು ಹೂಬಿಡುವ ಮರ. ಅದರ ಗಂಡು ಹೂವಿನಲ್ಲಿ ಇರುವುದು ಒಂದೇ ಕೇಸರ. ಪರಾಗವನ್ನು ಗಾಳಿ ಒಯ್ಯುತ್ತದೆ.

1891ರಲ್ಲಿ ಮೆಲ್ಕಿಯರ್ ಟ್ರೂಬ್ ಎಂಬ ಡಚ್ ವಿಜ್ಞಾನಿ ಸರ್ವೆಯಲ್ಲಿ ಪರಾಗನಾಳವು ಅಂಡಕದ ಬಾಯಿಯ ಮೂಲಕ ಹೋಗದೆ ಬುಡದ ಕಡೆಯಿಂದ ಒಳಸೇರುತ್ತದೆಂದು ತೋರಿಸಿದ್ದರು. ಆ ಬಳಿಕ ಕೆಲವರು ಸರ್ವೆಯನ್ನು ಹೂಬಿಡುವ ಸಸ್ಯಗಳಲ್ಲೆಲ್ಲ ಅತ್ಯಂತ ಪುರಾತನವೆಂದು ಎಣಿಸಿ, ಉಳಿದವುಗಳಿಂದ ಬೇರೆಯಾಗಿಯೇ ಇಟ್ಟಿದ್ದರು. ಸ್ವಾಮಿಯವರು 1948ರಲ್ಲಿ ಸರ್ವೆಯ ಸಂಪೂರ್ಣ ಜೀವನಚಕ್ರವನ್ನು ಪ್ರಕಟಿಸಿದರು. ಅದರ ಭ್ರೂಣಚೀಲವೂ ಭ್ರೂಣಾಹಾರವೂ ಇತರ ಹೂಬಿಡುವ ಸಸ್ಯಗಳಲ್ಲಿ ಕಾಣುವ ಕ್ರಮದಲ್ಲಿಯೇ ಬೆಳೆಯುತ್ತವೆಂಬುದು ಸ್ಪಷ್ಟವಾಯಿತು. ಹೂವು ಸರಳವಾಗಿ ಕಂಡ ಮಾತ್ರಕ್ಕೆ ಅದು ಪುರಾತನವಾಗಬೇಕಿಲ್ಲ. ವಿಕಾಸದ ಹಾದಿಯಲ್ಲಿ ಭಾಗಗಳನ್ನು ಕಳೆದುಕೊಂಡೂ ಸರಳವಾಗಬಹುದು ಎಂಬುದು ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಪಾಠ.

ಹಾರ್ವರ್ಡ್‌ನಲ್ಲಿ

1940ರ ದಶಕದ ಕೊನೆಯಲ್ಲಿ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ವಿಡ್ಮರ್ ಬೈಲಿ (1884–1967) ಅವರೊಡನೆ ಸಂಶೋಧನೆ ನಡೆಸಿದರು. ಬೈಲಿ ಮರದ ಒಳರಚನೆಯ ಅಧ್ಯಯನದಲ್ಲಿ ಜಗತ್ಪ್ರಸಿದ್ಧರು. ಮೊದಲ ಹೂಗಳ ಸ್ವರೂಪ ಹೇಗಿತ್ತೆಂಬ ಪ್ರಶ್ನೆ ಇಬ್ಬರನ್ನೂ ಒಂದುಗೂಡಿಸಿತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ ಈ ಪ್ರಶ್ನೆಯನ್ನು ಅರಿಯಲು ಒಳ್ಳೆಯ ಸಾಧನ. ಸಂಪಿಗೆಯ ಹೂವಿನ ಎಸಳುಗಳನ್ನು ಬಿಡಿಸಿದರೆ ನಡುವೆ ಉದ್ದನೆಯ ದಿಂಡು ಕಾಣುತ್ತದೆ. ಅದರ ಸುತ್ತ ಅನೇಕ ಕೇಸರಗಳೂ ಅವುಗಳ ಮೇಲೆ ಒಂದಕ್ಕೊಂದು ಬೆಸೆಯದ ಅನೇಕ ಅಂಡಪತ್ರಗಳೂ ಸುರುಳಿಯಾಗಿ ಜೋಡಣೆಗೊಂಡಿರುತ್ತವೆ. ಇಂಥ ಹೂವು ಹಳೆಯ ಮಾದರಿಯದೆಂದು ಅಂದಿನ ಸಸ್ಯಶಾಸ್ತ್ರಜ್ಞರು ಎಣಿಸಿದ್ದರು. ಸಂಪಿಗೆಗೆ ದೂರದ ಸಂಬಂಧಿಯಾದ ಡಿಜೆನೇರಿಯ ಎಂಬ ಮರ ಫಿಜಿ ದ್ವೀಪಗಳಲ್ಲಿ ದೊರೆತು 1942ರಲ್ಲಿ ಹೆಸರು ಪಡೆದಿತ್ತು. ಅದರ ಜೀವನಚಕ್ರವನ್ನು ಸ್ವಾಮಿಯವರು 1949ರಲ್ಲಿ ವಿವರಿಸಿದರು. ಡಿಜೆನೇರಿಯದ ಕೇಸರ ಎಲೆಯಂತೆ ಅಗಲ. ಅಂಡಪತ್ರದ ಅಂಚುಗಳು ಹೂವು ಅರಳಿದಾಗಲೂ ಪೂರ್ತಿ ಬೆಸೆದಿರುವುದಿಲ್ಲ. ಭ್ರೂಣದಲ್ಲಿ ಸಾಮಾನ್ಯವಾಗಿ ಎರಡಲ್ಲ, ಮೂರು ಅಥವಾ ನಾಲ್ಕು ಬೀಜದಳಗಳು.

ಬೈಲಿ ಮತ್ತು ಸ್ವಾಮಿ 1951ರಲ್ಲಿ ಪ್ರಕಟಿಸಿದ ಪ್ರಬಂಧವು ಅಂಡಪತ್ರದ ಉಗಮವನ್ನು ಕುರಿತದ್ದು. ಅವರೆಕಾಯಿಯನ್ನು ಅಂಚಿನಲ್ಲಿ ಬಿಡಿಸಿ ಹರಡಿದರೆ ನಡುನರವುಳ್ಳ ಎಲೆಯಂತೆ ತೋರುತ್ತದೆ, ಕಾಳುಗಳು ಅದರ ಅಂಚಿಗೆ ಅಂಟಿಕೊಂಡಿರುತ್ತವೆ. ಹಾಗೆಯೇ, ಅಂಡಕಗಳನ್ನು ಹೊತ್ತ ಎಲೆಯೊಂದು ನಡುನರದ ಗುಂಟ ಮಡಿಚಿಕೊಂಡು, ಕ್ರಮೇಣ ಅಂಚುಗಳು ಬೆಸೆದು, ಅಂಡಾಶಯವಾಯಿತೆಂದು ಅವರು ವಾದಿಸಿದರು. ದಶಕಗಳ ಕಾಲ ಈ ವಾದ ಜಗತ್ತಿನ ಸಸ್ಯಶಾಸ್ತ್ರದ ಪಾಠಗಳಲ್ಲಿ ಸ್ಥಾನ ಪಡೆಯಿತು.

ಇದಕ್ಕೂ ಮುಂಚೆ, 1948ರಲ್ಲಿ, ಇಬ್ಬರೂ ಸೇರಿ ಆಂಬೊರೆಲ್ಲ ಎಂಬ ಪೊದೆಯನ್ನು ಕುರಿತು ಬರೆದಿದ್ದರು. ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಈ ಗಿಡದ ಕಟ್ಟಿಗೆಯಲ್ಲಿ ನೀರು ಸಾಗಿಸುವ ಅಗಲವಾದ ನಾಳಗಳಿಲ್ಲವೆಂದು ಅವರು ತೋರಿಸಿದರು. ಅರ್ಧ ಶತಮಾನದ ಬಳಿಕ, 1999ರಲ್ಲಿ, ಡಿ.ಎನ್.ಎ. ಅಧ್ಯಯನಗಳು ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಮೊದಲು ಕವಲೊಡೆದ ಶಾಖೆ ಆಂಬೊರೆಲ್ಲದ್ದೇ ಎಂದು ಸೂಚಿಸಿದವು. ಅಷ್ಟರಲ್ಲಿ ಸ್ವಾಮಿಯವರು ಗತಿಸಿ ಸುಮಾರು ಎರಡು ದಶಕಗಳಾಗಿದ್ದವು.

ತಿದ್ದುಪಡಿಗೊಂಡ ತೀರ್ಮಾನಗಳು

ಸ್ವಾಮಿಯವರ ಎಲ್ಲ ತೀರ್ಮಾನಗಳೂ ಹಾಗೆಯೇ ಉಳಿದಿಲ್ಲ. ಆಂಬೊರೆಲ್ಲ ಮತ್ತು ಅದರಂಥ ಇತರ ಪುರಾತನ ಶಾಖೆಗಳಲ್ಲಿ ಅಂಡಪತ್ರವು ಮಡಿಚಿದ ಎಲೆಯಂತಿರದೆ ಬಟ್ಟಲಿನಂತೆ ಬೆಳೆಯುತ್ತದೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಆದ್ದರಿಂದ ಮಡಿಚಿದ ಎಲೆಯೇ ಎಲ್ಲಕ್ಕೂ ಮೂಲವೆಂದು ಈಗ ಹೇಳಲಾಗದು. 1950ರಲ್ಲಿ ಸಾರ್ಕಾಂಡ್ರ ಎಂಬ ಗಿಡದ ಕಟ್ಟಿಗೆಯಲ್ಲಿ ನಾಳಗಳಿಲ್ಲವೆಂದು ಸ್ವಾಮಿ ಮತ್ತು ಬೈಲಿ ವರದಿ ಮಾಡಿದ್ದರು. 1987ರಲ್ಲಿ ಶರ್ವಿನ್ ಕಾರ್ಲ್‌ಕ್ವಿಸ್ಟ್ ಅವರು ಆ ಗಿಡದಲ್ಲಿಯೂ ನಾಳಗಳನ್ನು ಗುರುತಿಸಿದರು.

ಇದರಿಂದ ಅವರ ಕೆಲಸದ ಘನತೆ ಕುಂದುವುದಿಲ್ಲ. ಅವರು ಕಂಡದ್ದನ್ನು ಚಿತ್ರಸಹಿತವಾಗಿ, ಇನ್ನೊಬ್ಬರು ಮರಳಿ ಪರೀಕ್ಷಿಸುವಂತೆ ದಾಖಲಿಸಿದ್ದರು. ತಿದ್ದುಪಡಿ ಸಾಧ್ಯವಾದುದೂ ಅದರಿಂದಲೇ. ಆಂಬೊರೆಲ್ಲ, ಸಾರ್ಕಾಂಡ್ರಗಳು ಮುಖ್ಯವೆಂದು ಮೊದಲೇ ಮನಗಂಡು ಅವುಗಳತ್ತ ಗಮನ ಸೆಳೆದವರಲ್ಲಿ ಅವರೂ ಒಬ್ಬರು.

ಮದ್ರಾಸಿನ ವರ್ಷಗಳು

ಭಾರತಕ್ಕೆ ಮರಳಿದ ಬಳಿಕ ಸ್ವಾಮಿಯವರು 1953ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅವರ ಅಧ್ಯಾಪನದ ಬಹುಭಾಗ ಅಲ್ಲಿಯೇ ಕಳೆಯಿತು. ಅದೇ ವರ್ಷ ಕ್ಲೊರಾಂತೇಸಿ ಕುಟುಂಬವನ್ನು ಕುರಿತ ಅವರ ದೀರ್ಘ ಪ್ರಬಂಧ ಹೊರಬಂತು. ದಕ್ಷಿಣ ಭಾರತದ ಸಾರ್ಕಾಂಡ್ರ ಪ್ರಭೇದವೊಂದಕ್ಕೆ ತಮ್ಮ ಮಾರ್ಗದರ್ಶಕರ ನೆನಪಿಗಾಗಿ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಹೆಸರಿಟ್ಟರು.

ಮದ್ರಾಸಿನಲ್ಲಿ ಅವರ ಗಮನ ಏಕದಳ ಸಸ್ಯಗಳ ಕಡೆಗೂ ಹರಿಯಿತು. ಭ್ರೂಣದಲ್ಲಿ ಒಂದೇ ಬೀಜದಳ ಹುಟ್ಟುವುದು ಹೇಗೆ, ಕಾಂಡದ ತುದಿ ಎಲ್ಲಿ ಮೊದಲಾಗುತ್ತದೆ ಎಂಬ ಬೆಳವಣಿಗೆಯ ಮೂಲಪ್ರಶ್ನೆಗಳನ್ನು ಅವರು ನೀರಿನಲ್ಲಿ ಬೆಳೆಯುವ ಒಟ್ಟೆಲಿಯ ಮುಂತಾದ ಗಿಡಗಳಲ್ಲಿ ಪರೀಕ್ಷಿಸಿದರು. ಕೆ. ವಿ. ಕೃಷ್ಣಮೂರ್ತಿ ಅವರೊಡನೆ ಬರೆದ ಹೂವಿನಿಂದ ಹಣ್ಣಿನವರೆಗಿನ ಭ್ರೂಣಶಾಸ್ತ್ರದ ಇಂಗ್ಲಿಷ್ ಪಠ್ಯಗ್ರಂಥ 1980ರಲ್ಲಿ ಪ್ರಕಟವಾಯಿತು.

ಕನ್ನಡ ಬರವಣಿಗೆ

ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡುಮೇಡುಗಳಲ್ಲಿ ಸಸ್ಯಗಳನ್ನು ಸಂಗ್ರಹಿಸುವುದು ಸಸ್ಯಶಾಸ್ತ್ರದ ಅಧ್ಯಾಪಕರ ಕರ್ತವ್ಯಗಳಲ್ಲೊಂದು. ಪಶ್ಚಿಮ ಘಟ್ಟಗಳಲ್ಲಿ ನಡೆಸಿದ ಅಂಥ ಪ್ರವಾಸಗಳ ಅನುಭವವೇ ‘ಹಸುರು ಹೊನ್ನು’. ಒಂದೊಂದು ಗಿಡದ ಲಕ್ಷಣ, ಶಾಸ್ತ್ರೀಯ ನಾಮ, ಊರಿನ ಹೆಸರು, ಉಪಯೋಗ, ಕಾವ್ಯಗಳಲ್ಲಿ ಅದರ ಸ್ಥಾನ, ಇವುಗಳೊಡನೆ ವಿದ್ಯಾರ್ಥಿಗಳ ಹುಡುಗಾಟವೂ ಅದರಲ್ಲಿ ಬೆರೆತಿದೆ. ರೇಖಾಚಿತ್ರಗಳನ್ನೂ ಅವರೇ ಬರೆದರು. ನಗಿಸುತ್ತಲೇ ಕಲಿಸುವ ಈ ಪುಸ್ತಕ ಸಸ್ಯಶಾಸ್ತ್ರವನ್ನು ಓದದವರ ಮನೆಗೂ ಗಿಡಮರಗಳ ವಿಜ್ಞಾನವನ್ನು ತಲುಪಿಸಿತು. ತಂದೆ ಡಿ. ವಿ. ಜಿ. ಅವರಿಗೆ 1967ರಲ್ಲಿ ದೊರೆತಿದ್ದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಹನ್ನೊಂದು ವರ್ಷಗಳ ಬಳಿಕ ಮಗನಿಗೂ ಬಂತು.

ಆಲೂಗಡ್ಡೆ, ಮೆಣಸಿನಕಾಯಿ ಮುಂತಾಗಿ ಅಮೆರಿಕ ಖಂಡದಿಂದ ಬಂದು ನಮ್ಮ ಅಡುಗೆಯಲ್ಲಿ ಬೆರೆತುಹೋದ ಸಸ್ಯಗಳ ಚರಿತ್ರೆ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದ ವಸ್ತು. ‘ಶಾಸನಗಳಲ್ಲಿ ಗಿಡಮರಗಳು’ ಕೃತಿಯಲ್ಲಿ ಅವರು ಇತಿಹಾಸದ ಆಕರಗಳನ್ನು ಸಸ್ಯಶಾಸ್ತ್ರಜ್ಞನ ಕಣ್ಣಿನಿಂದ ಓದಿದರು. ‘ಪಂಚಕಲಶ ಗೋಪುರ’ ಹಿರಿಯ ಸಾಹಿತಿಗಳ ವ್ಯಕ್ತಿಚಿತ್ರಗಳನ್ನು ಒಳಗೊಂಡಿದೆ. ‘ಕಾಲೇಜು ರಂಗ’, ‘ಕಾಲೇಜು ತರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಕೃತಿಗಳು ಶಿಕ್ಷಣಲೋಕದ ಓರೆಕೋರೆಗಳನ್ನು ಹಾಸ್ಯದಿಂದ ತೆರೆದಿಡುತ್ತವೆ. ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲ್ ಅವರು 1976ರಲ್ಲಿ ಚಲನಚಿತ್ರವಾಗಿಸಿದರು. ‘ಅಮೆರಿಕದಲ್ಲಿ ನಾನು’, ‘ತಮಿಳು ತಲೆಗಳ ನಡುವೆ’, ‘ಮೈಸೂರು ಡೈರಿ’ ಅವರ ಇತರ ಪ್ರಸಿದ್ಧ ಕೃತಿಗಳು.

ಇಂದಿನ ವಿದ್ಯಾರ್ಥಿಗೆ

ಸ್ವಾಮಿಯವರ ವಿಧಾನವನ್ನು ಅನುಸರಿಸಲು ದೂರದ ಪ್ರಯೋಗಾಲಯವೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಮೈಸೂರು–ಊಟಿ ರಸ್ತೆಯ ಇಕ್ಕೆಲಗಳಲ್ಲಿ, ಗುಂಡ್ಲುಪೇಟೆಯ ಸುತ್ತ, ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳು ಅರಳಿ ನಿಲ್ಲುತ್ತವೆ. ಒಂದು ಸೂರ್ಯಕಾಂತಿಯನ್ನು ಸೀಳಿ ನೋಡಿದರೆ ಅದು ಒಂದೇ ಹೂವಲ್ಲ, ನೂರಾರು ಪುಟ್ಟ ಹೂಗಳ ಸಮೂಹವೆಂದು ತಿಳಿಯುತ್ತದೆ. ಅಂಚಿನಲ್ಲಿ ಎಸಳಿನಂತೆ ಕಾಣುವ ಹೂಗಳು ಕಾಳು ಕಟ್ಟುವುದಿಲ್ಲ. ಕೀಟಗಳನ್ನು ಸೆಳೆಯುವುದು ಅವುಗಳ ಕೆಲಸ. ಒಳಗಿನ ಹೂಗಳು ಹೊರ ಅಂಚಿನಿಂದ ನಡುವಿನ ಕಡೆಗೆ ಸಾಲಾಗಿ ಅರಳುತ್ತವೆ. ಆದ್ದರಿಂದ ಒಂದೇ ತಟ್ಟೆಯಲ್ಲಿ ಮೊಗ್ಗು, ಹೂವು, ಎಳೆಗಾಳು ಎಲ್ಲ ಹಂತಗಳೂ ದೊರೆಯುತ್ತವೆ.

ಪಕ್ಕದ ಹೊಲದ ಅರಿಶಿನ ಮತ್ತು ಬಾಳೆ ಇನ್ನೊಂದು ಪಾಠ ಹೇಳುತ್ತವೆ. ಅರಿಶಿನವನ್ನು ಗೆಡ್ಡೆಯಿಂದ, ಬಾಳೆಯನ್ನು ಕಂದಿನಿಂದ ಬೆಳೆಸುತ್ತಾರೆ. ನಾವು ತಿನ್ನುವ ಬಾಳೆ ಬೀಜ ಕಟ್ಟದೆಯೇ ಹಣ್ಣಾಗುತ್ತದೆ. ಬೀಜವಿಲ್ಲದ ಇಂಥ ಸಂತಾನೋತ್ಪತ್ತಿಯಲ್ಲಿ ಮರಿಗಿಡ ತಾಯಿಯ ಪ್ರತಿರೂಪವೇ ಆಗಿರುತ್ತದೆ. ಅದೇ ಕಾರಣದಿಂದ, ತಾಯಿಗಿಡವನ್ನು ಬಾಧಿಸುವ ರೋಗ ಇಡೀ ತೋಟವನ್ನು ಬಾಧಿಸಬಲ್ಲದು. ಹೂವು, ಪರಾಗ, ನಿಷೇಚನಗಳ ಸುತ್ತುಬಳಸಿನ ದಾರಿಯಿಂದ ಸಸ್ಯಕುಲಕ್ಕೆ ದೊರೆಯುವ ಲಾಭವೆಂದರೆ ವೈವಿಧ್ಯ.

ಕೊನೆಯ ದಿನಗಳು

ನಿವೃತ್ತಿಯ ಬಳಿಕ ಸ್ವಾಮಿಯವರು ಮೈಸೂರಿಗೆ ಬಂದು ಸಂಶೋಧನೆ ಮತ್ತು ಬರವಣಿಗೆಯನ್ನು ಮುಂದುವರಿಸಿದರು. 1980ರ ನವೆಂಬರ್ 2ರಂದು ನಿಧನರಾದರು. ಆಗ ಅವರಿಗೆ 62 ವರ್ಷ. ಅವರ ಸಂಶೋಧನ ಪ್ರಬಂಧಗಳು ಇಂಗ್ಲಿಷಿನಲ್ಲಿವೆ, ಪ್ರಪಂಚದ ತಜ್ಞರಿಗಾಗಿ ಬರೆದವು. ಕನ್ನಡ ಪುಸ್ತಕಗಳು ನಾಡಿನ ಸಾಮಾನ್ಯ ಓದುಗರಿಗಾಗಿ ಬರೆದವು. ಎರಡರಲ್ಲಿಯೂ ಗಿಡವನ್ನು ಹತ್ತಿರದಿಂದ ನೋಡಿದವನ ಖಚಿತತೆ ಒಂದೇ ಬಗೆಯಾಗಿದೆ. ವಿಜ್ಞಾನವನ್ನು ಕನ್ನಡದಲ್ಲಿ ಕಲಿಯುವವರಿಗೆ ಸ್ವಾಮಿಯವರು ಬಿಟ್ಟುಹೋದ ಆಸ್ತಿ ಅದೇ.